ಪ್ರತಿ ಸೋಮವಾರ ಒಂದು: ಐವಿಎಫ್ ಚಿಕಿತ್ಸೆ ಮತ್ತು ವಿಟಮಿನ್ ಡಿ, ನನ್ನ ಅನುಭವ

ದಾವಣಗೆರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿ, ಮುಖ್ಯವಾಗಿ ಮಕ್ಕಳಾಗದ ದಂಪತಿಗಳ ಚಿಕಿತ್ಸೆಯಲ್ಲಿ ತೊಡಗಿರುವ ನನ್ನ ಮುಂದೆ ವಾರಕ್ಕೊಮ್ಮೆಯಾದರೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. “ಮೇಡಂ, ರಿಪೋರ್ಟಿನಲ್ಲಿ ವಿಟಮಿನ್ ಡಿ ಕಡಿಮೆ ಬಂದಿದೆ, ಅದಕ್ಕೇ ನನಗೆ ಗರ್ಭ ನಿಲ್ಲುತ್ತಿಲ್ಲವೇ?” ಈ ಪ್ರಶ್ನೆಗೆ 2018ರಲ್ಲಿ ನಾನು ಕೊಡುತ್ತಿದ್ದ ಉತ್ತರವೇ ಬೇರೆ, ಈಗ ಕೊಡುವ ಉತ್ತರವೇ ಬೇರೆ. ಆ ಬದಲಾವಣೆ ಹೇಗಾಯಿತು, ಈಗ ನಾನು ಏನು ಮಾಡುತ್ತೇನೆ ಎಂಬುದನ್ನು ಚಿಕಿತ್ಸೆಯಲ್ಲಿರುವ ಹೆಣ್ಣುಮಕ್ಕಳಿಗೂ, ನನ್ನ ಕಿರಿಯ ಸಹೋದ್ಯೋಗಿಗಳಿಗೂ ಉಪಯೋಗವಾದೀತು ಎಂಬ ಭಾವನೆಯಿಂದ ಬರೆಯುತ್ತಿದ್ದೇನೆ.

ಆ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡವೊಂದು ಅದುವರೆಗಿನ 11 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ ಲೇಖನವನ್ನು ನಾನು ಓದಿದೆ. ಐವಿಎಫ್ (ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ವಿಧಾನ) ಮುಂತಾದ ಚಿಕಿತ್ಸೆ ಪಡೆದ ಸುಮಾರು 2,700 ಮಹಿಳೆಯರ ಪೈಕಿ, ವಿಟಮಿನ್ ಡಿ ಸಾಕಷ್ಟಿದ್ದವರಲ್ಲಿ ಜೀವಂತ ಮಗು ಜನಿಸುವ ಸಾಧ್ಯತೆ ಕೊರತೆ ಇದ್ದವರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಗರ್ಭಪಾತದಲ್ಲಿ ಮಾತ್ರ ವ್ಯತ್ಯಾಸ ಕಂಡಿರಲಿಲ್ಲ. ಇದಕ್ಕೆ ಶರೀರಶಾಸ್ತ್ರದ ಬೆಂಬಲವೂ ಇತ್ತು. ವಿಟಮಿನ್ ಡಿಯನ್ನು ಗುರುತಿಸುವ ಗ್ರಾಹಕಗಳು ಅಂಡಾಶಯದಲ್ಲೂ, ಗರ್ಭಕೋಶದ ಒಳಪದರದಲ್ಲೂ, ಮುಂದೆ ಬೆಳೆಯುವ ಮಾಸುವಿನಲ್ಲೂ ಇವೆ. ಭ್ರೂಣ ಒಳಪದರಕ್ಕೆ ಅಂಟಿಕೊಳ್ಳಲು ಬೇಕಾಗುವ ಜೀನುಗಳಲ್ಲಿ ಕೆಲವು ಈ ವಿಟಮಿನ್ನಿನ ಅಂಕೆಗೆ ಒಳಪಟ್ಟಿವೆ. ಕಾರಣವೂ ಹೊಂದುತ್ತದೆ, ಅಂಕಿ-ಅಂಶವೂ ಹೊಂದುತ್ತದೆ, ಔಷಧವೋ ಅಗ್ಗ. ಇಷ್ಟು ಸಾಲದೇ ಎಂದು ನನಗನ್ನಿಸಿತು. ಅಂದಿನಿಂದ ಐವಿಎಫ್‌ಗೆ ಬಂದ ಪ್ರತಿಯೊಬ್ಬರಿಗೂ ವಿಟಮಿನ್ ಡಿ ಪರೀಕ್ಷೆ ಬರೆಯತೊಡಗಿದೆ, ಒಂದು ಮಿಲಿಲೀಟರಿಗೆ 30 ನ್ಯಾನೋಗ್ರಾಂ ಮುಟ್ಟುವವರೆಗೆ ಚಿಕಿತ್ಸೆಯ ಸುತ್ತನ್ನು ಆರಂಭಿಸಬಾರದೆಂಬ ನಿಯಮವನ್ನೂ ಹಾಕಿಕೊಂಡೆ.

ರಿಪೋರ್ಟುಗಳು ಬರತೊಡಗಿದಾಗ ನನಗೆ ಆಶ್ಚರ್ಯವಾಯಿತು. ವರ್ಷಪೂರ್ತಿ ಬಿಸಿಲು ಕಾಯುವ ಈ ಊರಿನಲ್ಲಿ 30 ದಾಟಿದವರೇ ಅಪರೂಪ. ಹತ್ತರ ಆಸುಪಾಸಿನಲ್ಲಿ ಇದ್ದವರೂ ಬೇಕಾದಷ್ಟು ಮಂದಿ. ಮಂಡಕ್ಕಿ ಭಟ್ಟಿಯ ಹೊಗೆ ತುಂಬಿದ ಚಪ್ಪರದಡಿ ಬೆಳಗಿನ ಜಾವದಿಂದಲೇ ದುಡಿಯುವವರು, ಮನೆಯೊಳಗೆ ಕುಳಿತು ಬೀಡಿ ಕಟ್ಟುವವರು, ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದಿರುವವರು, ಇವರ ವಿಷಯ ಅರ್ಥವಾಗುತ್ತದೆ. ಆದರೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಲ್ಲೂ ಕೊರತೆ ಕಂಡಿತು. ವಿಚಾರಿಸಿದಾಗ ತಿಳಿಯಿತು: ಸೀರೆಯ ಮೇಲೆ ಗಂಡನ ತುಂಬು ತೋಳಿನ ಅಂಗಿ, ತಲೆಗೆ ವಸ್ತ್ರ. ಬಿಸಿಲಲ್ಲಿ ನಿಂತರೂ ಅವರ ಚರ್ಮಕ್ಕೆ ಬಿಸಿಲು ತಾಕುವುದಿಲ್ಲ. ಜೊತೆಗೆ ನಮ್ಮ ಕಂದು ಬಣ್ಣದ ಚರ್ಮಕ್ಕೆ ವಿಟಮಿನ್ ಡಿ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು.

ನನ್ನ ನಿಯಮ ತಪ್ಪೆಂದು ತಿಳಿಸಿಕೊಟ್ಟವರು ಪ್ರೌಢಶಾಲೆಯ ಒಬ್ಬ ಶಿಕ್ಷಕಿ. ಅವರಿಗೆ ಆಗ 38 ವರ್ಷ. ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಕಡಿಮೆಯಾಗುತ್ತಿದೆ ಎಂಬುದು ಎಎಂಎಚ್ ಪರೀಕ್ಷೆಯಲ್ಲೂ ಸ್ಕ್ಯಾನಿನಲ್ಲೂ ಸ್ಪಷ್ಟವಾಗಿತ್ತು. ಶಾಲೆಗೆ ರಜೆ ಹಾಕಿ, ಸೊಸೈಟಿಯಲ್ಲಿ ಸಾಲ ಮಾಡಿ, ಎಲ್ಲ ಸಿದ್ಧತೆಯೊಂದಿಗೆ ಬಂದಿದ್ದರು. ವಿಟಮಿನ್ ಡಿ 11 ಇತ್ತು. ಮೂರು ತಿಂಗಳು ತುಂಬಿಸಿಕೊಂಡು ಬನ್ನಿ, ಆಮೇಲೆ ಅಂಡಾಣು ಬೆಳೆಸುವ ಇಂಜೆಕ್ಷನ್ ಶುರು ಮಾಡೋಣ ಎಂದು ಕಳುಹಿಸಿದೆ. ಅವರು ಶ್ರದ್ಧೆಯಿಂದ ಮಾತ್ರೆ ತೆಗೆದುಕೊಂಡು, 36ರ ರಿಪೋರ್ಟು ಹಿಡಿದು ಸಂತೋಷದಿಂದ ಬಂದರು. ಸುತ್ತು ಆರಂಭಿಸಿದೆವು, ಎರಡೇ ಅಂಡಾಣುಗಳು ಸಿಕ್ಕವು, ಒಂದೂ ವರ್ಗಾವಣೆಗೆ ಯೋಗ್ಯವಾದ ಭ್ರೂಣವಾಗಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. “ಆ ಮೂರು ತಿಂಗಳು ಕಾಯದೆ ಇದ್ದಿದ್ದರೆ ಮೇಡಂ?” ಎಂದಷ್ಟೇ ಕೇಳಿದರು. ಆ ಮೂರು ತಿಂಗಳಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು. ಆದರೆ ಕಾಯಿಸಿದ್ದಕ್ಕೆ ನನ್ನ ಬಳಿ ಗಟ್ಟಿಯಾದ ಕಾರಣವಿರಲಿಲ್ಲ ಎಂಬುದು ಅವರೆದುರು ಕುಳಿತಾಗ ನನಗೆ ಗೊತ್ತಾಯಿತು, ಅದನ್ನು ಅವರಿಗೆ ಹೇಳಿಯೂ ಹೇಳಿದೆ.

ಅನಂತರ ಆ ಲೇಖನವನ್ನು ಮತ್ತೊಮ್ಮೆ ಓದಿದೆ. ಅದರಲ್ಲಿದ್ದ ಯಾವ ಅಧ್ಯಯನವೂ ಮಹಿಳೆಯರಿಗೆ ವಿಟಮಿನ್ ಡಿ ಕೊಟ್ಟು ಫಲಿತಾಂಶ ನೋಡಿದ್ದಲ್ಲ. ರಕ್ತದಲ್ಲಿ ಇದ್ದ ಮಟ್ಟವನ್ನು ಅಳೆದು, ಯಾರಿಗೆ ಮಗುವಾಯಿತು ಎಂದು ಗಮನಿಸಿದ್ದವು ಅಷ್ಟೇ. ಲೇಖಕರೂ ಇದನ್ನು ಮುಚ್ಚಿಟ್ಟಿರಲಿಲ್ಲ, ನಾನೇ ಅವಸರದಲ್ಲಿ ಓದಿದ್ದೆ. ವಿಟಮಿನ್ ಡಿ ಚೆನ್ನಾಗಿರುವ ಹೆಣ್ಣುಮಗಳು ಬಹುಮಟ್ಟಿಗೆ ತೂಕ ಹಿಡಿತದಲ್ಲಿರುವವಳು, ಹೊರಗೆ ಓಡಾಡುವವಳು, ಒಳ್ಳೆಯ ಊಟ ಸಿಗುವವಳು ಆಗಿರುತ್ತಾಳೆ. ವಿಟಮಿನ್ ಡಿ ಕೊಬ್ಬಿನಲ್ಲಿ ಶೇಖರವಾಗುವುದರಿಂದ ದೇಹದ ತೂಕ ಹೆಚ್ಚಿದಷ್ಟೂ ರಕ್ತದ ಮಟ್ಟ ಇಳಿಯುತ್ತದೆ. ಅದೇ ತೂಕ ಗರ್ಭಧಾರಣೆಗೂ ಅಡ್ಡಿ. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ ಅನೇಕರಲ್ಲಿ ವಿಟಮಿನ್ ಡಿ ಕೊರತೆ, ಗರ್ಭ ನಿಲ್ಲದಿರುವುದು ಎರಡೂ ಒಟ್ಟಿಗೇ ಕಾಣಲು ಇದೂ ಒಂದು ಕಾರಣ. ಹೀಗಿರುವಾಗ ಕಡಿಮೆ ವಿಟಮಿನ್ ಡಿ ಎಂಬುದು ಸೋಲಿಗೆ ಕಾರಣವೋ, ಸೋಲಿನ ಕಾರಣಗಳ ಜೊತೆಗೆ ಬರುವ ಗುರುತೋ ಎಂದು ಬರೀ ರಕ್ತ ಅಳೆದು ಹೇಳಲಾಗದು.

ಅದನ್ನು ಹೇಳಬಲ್ಲ ಪ್ರಯೋಗ 2021ರಲ್ಲಿ ಇಟಲಿಯಿಂದ ಬಂತು. ಐವಿಎಫ್‌ಗೆ ಸಿದ್ಧರಾಗಿದ್ದ, ವಿಟಮಿನ್ ಡಿ 30ಕ್ಕಿಂತ ಕಡಿಮೆ ಇದ್ದ 630 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಬಾರಿಗೆ 6 ಲಕ್ಷ ಯೂನಿಟ್ ವಿಟಮಿನ್ ಡಿ, ಇನ್ನೊಂದಕ್ಕೆ ಔಷಧವಿಲ್ಲದ ಅಂಥದೇ ದ್ರವ ಕುಡಿಸಿದರು. ವಿಟಮಿನ್ ಪಡೆದವರಲ್ಲಿ ಶೇ. 37, ಪಡೆಯದವರಲ್ಲಿ ಶೇ. 40 ಮಂದಿ ಗರ್ಭ ಧರಿಸಿದರು. ಅಂದರೆ ಲಾಭವೇನೂ ಕಾಣಲಿಲ್ಲ. ಆ ಮಹಿಳೆಯರು 40ರ ಒಳಗಿನವರು, ಸಾಮಾನ್ಯ ತೂಕದವರು. ನನ್ನ ಬಳಿಗೆ ಬರುವ ಎಲ್ಲರಿಗೂ ಅದನ್ನು ಹಾಗೆಯೇ ಅನ್ವಯಿಸಲಾಗದು ಎಂಬುದನ್ನು ಬಲ್ಲೆ. ಆದರೂ, ಕೊರತೆ ತುಂಬಿಸಿದರೆ ಮಗುವಾಗುವ ಸಾಧ್ಯತೆ ಹೆಚ್ಚುತ್ತದೆ ಎಂದು ಭರವಸೆ ಕೊಡಲು, ಅದಕ್ಕಾಗಿ ವಯಸ್ಸು ಕಳೆಯಲು ನನಗೆ ಇನ್ನು ಹಕ್ಕಿಲ್ಲ ಎಂದು ತೀರ್ಮಾನಿಸಿದೆ.

ಹಾಗೆಂದು ವಿಟಮಿನ್ ಡಿಯನ್ನು ಕೈಬಿಟ್ಟಿಲ್ಲ. ಕೊರತೆ ಕೊರತೆಯೇ, ಮೂಳೆಗೂ ಸ್ನಾಯುಗಳಿಗೂ ಅದು ಬೇಕು, ಗರ್ಭಿಣಿಯಾದ ಮೇಲೆ ಮಗುವಿನ ಪಾಲೂ ತಾಯಿಯ ಸಂಗ್ರಹದಿಂದಲೇ ಹೋಗಬೇಕು. ಆದ್ದರಿಂದ ಮೊದಲ ಭೇಟಿಯಲ್ಲೇ, ಇತರ ರಕ್ತಪರೀಕ್ಷೆಗಳ ಜೊತೆಗೆ ಇದನ್ನೂ ಮಾಡಿಸುತ್ತೇನೆ. ಪರೀಕ್ಷೆಯ ಖರ್ಚು ಹೊರೆಯೆನಿಸುವವರಿಗೆ ಒತ್ತಾಯ ಮಾಡದೆ, ದಿನಕ್ಕೆ ಸಾವಿರ ಯೂನಿಟ್ಟಿನ ಸಾಧಾರಣ ಪ್ರಮಾಣವನ್ನು ನೇರವಾಗಿ ಬರೆಯುತ್ತೇನೆ. 20ಕ್ಕಿಂತ ಕಡಿಮೆ ಇದ್ದವರಿಗೆ ವಾರಕ್ಕೊಮ್ಮೆ 60 ಸಾವಿರ ಯೂನಿಟ್ಟಿನಂತೆ ಎಂಟು ವಾರ, ಅನಂತರ ದಿನನಿತ್ಯದ ಸಣ್ಣ ಪ್ರಮಾಣ. ಊಟವಾದ ಮೇಲೆ, ಅದರಲ್ಲೂ ತುಪ್ಪವೋ ಎಣ್ಣೆಯೋ ಇರುವ ಊಟದ ನಂತರ ತೆಗೆದುಕೊಳ್ಳಲು ಹೇಳುತ್ತೇನೆ, ಏಕೆಂದರೆ ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್. ಇದೆಲ್ಲ ಚಿಕಿತ್ಸೆಯ ಪಕ್ಕದಲ್ಲಿ ನಡೆಯುತ್ತದೆ. ಇಂಜೆಕ್ಷನ್ನಾಗಲಿ, ಅಂಡಾಣು ತೆಗೆಯುವುದಾಗಲಿ, ಭ್ರೂಣ ವರ್ಗಾವಣೆಯಾಗಲಿ ಇದಕ್ಕಾಗಿ ಒಂದು ದಿನವೂ ನಿಲ್ಲುವುದಿಲ್ಲ. ಮರುಪರೀಕ್ಷೆ ಮೂರು ತಿಂಗಳಿಗಿಂತ ಮೊದಲು ಬೇಡ, ರಕ್ತದ ಮಟ್ಟ ಒಂದು ನೆಲೆಗೆ ಬರಲು ಅಷ್ಟು ಸಮಯ ಬೇಕು. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದಲ್ಲಿ ಕಲ್ಲಿದ್ದವರು ಇದ್ದರೆ ಫಿಜಿಶಿಯನ್ನರನ್ನು ಕೇಳದೆ ಮುಂದುವರಿಯುವುದಿಲ್ಲ. ಗರ್ಭಕೋಶದ ಕ್ಷಯ ನಮ್ಮ ಕಡೆ ಬಂಜೆತನಕ್ಕೆ ಒಂದು ಕಾರಣ. ಕ್ಷಯದ ಗಂಟುಗಳಲ್ಲಿರುವ ಜೀವಕೋಶಗಳು ತಾವೇ ವಿಟಮಿನ್ ಡಿಯನ್ನು ಸಕ್ರಿಯಗೊಳಿಸಬಲ್ಲವಾದ್ದರಿಂದ ಅಂಥವರಿಗೆ ದೊಡ್ಡ ಪ್ರಮಾಣ ಕೊಡುವಾಗ ರಕ್ತದ ಕ್ಯಾಲ್ಸಿಯಂ ಮಿತಿಮೀರಿ ಏರದಂತೆ ಕಣ್ಣಿಡಬೇಕು.

ದೊಡ್ಡ ಪ್ರಮಾಣದ ವಿಷಯದಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಹಳ್ಳಿಯಿಂದ ಬರುತ್ತಿದ್ದ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳಿಗೆ 60 ಸಾವಿರದ ಪುಡಿಯ ಪೊಟ್ಟಣ ಬರೆದುಕೊಟ್ಟಿದ್ದೆ. ವಾರಕ್ಕೊಂದು ಎಂಬುದನ್ನು ಇಂಗ್ಲಿಷಿನ ಸಂಕ್ಷಿಪ್ತ ರೂಪದಲ್ಲಿ ಗೀಚಿದ್ದೆ, ಬಾಯಿಮಾತಿನಲ್ಲಿ ಬಿಡಿಸಿ ಹೇಳಲಿಲ್ಲ. ಅವರು ಅದನ್ನು ದಿನಕ್ಕೊಂದರಂತೆ, ಮುಗಿದಾಗಲೆಲ್ಲ ಮತ್ತೆ ಕೊಂಡು, ಎರಡು ತಿಂಗಳಿಗೂ ಮೀರಿ ತೆಗೆದುಕೊಂಡರು. ಒಂದು ದಿನ ವಾಂತಿ, ಸುಸ್ತು, ಬಾಯಾರಿಕೆ ಎಂದು ಅತ್ತೆಯ ಜೊತೆ ಬಂದರು. ಅತ್ತೆಯ ಮುಖದಲ್ಲಿ ಸಂಭ್ರಮ; “ನಮ್ಮ ಸೊಸೆಗೆ ದಿನ ನಿಂತಾವ ಅನ್ಸುತ್ತೆ ನೋಡ್ರಿ” ಎಂದು ಸಿಹಿ ಹಿಡಿದೇ ಬಂದಿದ್ದರು. ಗರ್ಭದ ಪರೀಕ್ಷೆ ನೆಗೆಟಿವ್ ಬಂತು. ರಕ್ತದ ಕ್ಯಾಲ್ಸಿಯಂ 13 ದಾಟಿತ್ತು, ಹತ್ತೂವರೆಯ ಒಳಗಿರಬೇಕಾದದ್ದು. ಆಸ್ಪತ್ರೆಗೆ ಸೇರಿಸಿ, ಫಿಜಿಶಿಯನ್ನರ ಸಹಾಯದಿಂದ ಡ್ರಿಪ್ ಹಾಕಿ, ಸ್ಟಿರಾಯ್ಡ್ ಕೊಟ್ಟು ಇಳಿಸಬೇಕಾಯಿತು. ಕೊಬ್ಬಿನಲ್ಲಿ ಸೇರಿಕೊಂಡ ವಿಟಮಿನ್ ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿದವು. ಆ ಹೆಣ್ಣುಮಗಳ ಮೂತ್ರಪಿಂಡ ಉಳಿದದ್ದು ನಮ್ಮೆಲ್ಲರ ಪುಣ್ಯ. ಅಂದಿನಿಂದ ಚೀಟಿಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ “ಪ್ರತಿ ಸೋಮವಾರ ಒಂದು, ಒಟ್ಟು ಎಂಟು, ಆಮೇಲೆ ಬೇಡ” ಎಂದು ನಾನೇ ಬರೆಯುತ್ತೇನೆ, ಓದಿಸಿಯೂ ನೋಡುತ್ತೇನೆ. ಓದು ಬಾರದವರಿಗೆ ಕ್ಯಾಲೆಂಡರಿನ ಎಂಟು ಸೋಮವಾರಗಳಿಗೆ ಗುರುತು ಹಾಕಿಕೊಡುತ್ತೇವೆ. ಬೇರೆ ಕಡೆ ವಿಟಮಿನ್ ಡಿಯ ಇಂಜೆಕ್ಷನ್ ಮಾಡಿಸಿಕೊಂಡಿದ್ದಾರೆಯೇ ಎಂದು ಕೇಳದೆ ಒಂದು ಪೊಟ್ಟಣವನ್ನೂ ಬರೆಯುವುದಿಲ್ಲ.

ರಿಪೋರ್ಟನ್ನು ನಂಬುವ ಮೊದಲು ಇನ್ನೊಂದು ಪ್ರಶ್ನೆ ಕೇಳುವ ಅಭ್ಯಾಸವನ್ನೂ ಕಲಿತಿದ್ದೇನೆ: ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಅಡ್ಡಬಂದು, ವಿಟಮಿನ್ ಡಿಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿಯೂ, ಥೈರಾಯ್ಡ್ ಗ್ರಂಥಿಯನ್ನು ನಡೆಸುವ ಹಾರ್ಮೋನಾದ ಟಿಎಸ್‌ಎಚ್ ಅನ್ನು ಇದ್ದದ್ದಕ್ಕಿಂತ ಕಡಿಮೆಯಾಗಿಯೂ ತೋರಿಸಬಲ್ಲದು. ಬಂಜೆತನದ ಚಿಕಿತ್ಸೆಯಲ್ಲಿ ಟಿಎಸ್‌ಎಚ್ ನೋಡಿ ಔಷಧ ನಿರ್ಧರಿಸುವುದರಿಂದ ಈ ಎರಡನೆಯದೇ ಹೆಚ್ಚು ಅಪಾಯಕಾರಿ. ಎರಡು ದಿನ ಆ ಮಾತ್ರೆ ನಿಲ್ಲಿಸಿ ರಕ್ತ ಕೊಡಲು ಹೇಳುತ್ತೇನೆ.

ಬಿಸಿಲಿನ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಬೆಳಗಿನ ಎಳೆಬಿಸಿಲು ಮೈಗೆ ಹಿತ, ಆದರೆ ವಿಟಮಿನ್ ಡಿ ತಯಾರಿಸುವ ಕಿರಣಗಳು ಆ ಹೊತ್ತಿನಲ್ಲಿ ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಮುಖವನ್ನು ಮರೆಮಾಡಿಕೊಂಡು ತೋಳು ಮತ್ತು ಕಾಲಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು ಬೀಳಲಿ ಎನ್ನುತ್ತೇನೆ. ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ರಾಗಿಮುದ್ದೆ ತಿನ್ನುವವರಿಗೆ ಕೊರತೆ ಹೇಗೆ ಬರುತ್ತದೆ ಎಂದು ಕೇಳಿದವರಿದ್ದಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ವಿಟಮಿನ್ ಡಿ ಇಲ್ಲ. ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲು ಈ ವಿಟಮಿನ್ ಬೇಕು.

ಈಗ ಮೊದಲಿನ ಪ್ರಶ್ನೆಗೆ ನಾನು ಕೊಡುವ ಉತ್ತರ ಇಷ್ಟು: “ನೋಡಮ್ಮ, ಇದನ್ನು ತುಂಬಿಸೋಣ, ನಿನ್ನ ಆರೋಗ್ಯಕ್ಕೆ ಬೇಕು. ಆದರೆ ಗರ್ಭ ನಿಲ್ಲದಿರುವುದಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ.” ನಿನ್ನ ತಪ್ಪಿನಿಂದ, ನೀನು ಬಿಸಿಲಿಗೆ ಹೋಗದ್ದರಿಂದ ಮಕ್ಕಳಾಗಲಿಲ್ಲ ಎಂದು ಮನೆಯವರು ಆಡುವುದನ್ನು ನನ್ನ ಕೋಣೆಯಲ್ಲೇ ಕೇಳಿದ್ದೇನೆ. ಆಗ ಅವರೆದುರೇ ವಿವರಿಸುತ್ತೇನೆ: ಫಲಿತಾಂಶದಲ್ಲಿ ಎಲ್ಲಕ್ಕಿಂತ ಹೆಚ್ಚಿನ ತೂಕ ಅಂಡಾಣುವಿನ ವಯಸ್ಸಿನದು, ಗಂಡನ ವೀರ್ಯ ಪರೀಕ್ಷೆಯೂ ಅಷ್ಟೇ ಮುಖ್ಯ, ಅದನ್ನು ಇನ್ನೂ ಮಾಡಿಸದಿದ್ದರೆ ಈ ವಾರವೇ ಮಾಡಿಸಿ ಎಂದು.

ಕಳೆದ ವರ್ಷ 14ರ ರಿಪೋರ್ಟಿನೊಂದಿಗೆ ಬಂದ ಒಬ್ಬರಿಗೆ ಮೂರನೇ ಸೋಮವಾರದ ಪೊಟ್ಟಣ ಮುಗಿಯುವ ಹೊತ್ತಿಗೆ ಭ್ರೂಣ ವರ್ಗಾವಣೆ ಮಾಡಿದೆವು. ಗರ್ಭ ನಿಂತಿತು. ವಿಟಮಿನ್ನಿನಿಂದ ನಿಂತಿತೆಂದು ಅವರಿಗೂ ನಾನು ಹೇಳಲಿಲ್ಲ. ವಾರದ ದೊಡ್ಡ ಪ್ರಮಾಣ ನಿಲ್ಲಿಸಿ ದಿನದ ಸಣ್ಣ ಮಾತ್ರೆಗೆ ಬದಲಾಯಿಸಿದೆ, ಒಂಬತ್ತು ತಿಂಗಳೂ ತೆಗೆದುಕೊಂಡರು. ಬಾಣಂತಿಯನ್ನು ಮನೆಗೆ ಕಳುಹಿಸುವ ದಿನ, ಮಗುವಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿಯನ್ನು ಒಂದು ವರ್ಷ ತುಂಬುವವರೆಗೆ ಹಾಕಬೇಕೆಂದು ಮಕ್ಕಳ ವೈದ್ಯರು ಬರೆದಿದ್ದ ಚೀಟಿಯನ್ನು ಅಜ್ಜಿ ನನ್ನ ಬಳಿ ತಂದರು. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸಿದರೆ ಸಾಲದೇ ಎಂಬುದು ಅವರ ಅನುಮಾನ. ತಾಯಿಯ ಹಾಲಿನಲ್ಲಿ ಎಲ್ಲ ಇದ್ದರೂ ಈ ಒಂದು ವಿಟಮಿನ್ ಮಗುವಿಗೆ ಸಾಕಾಗುವಷ್ಟು ಇರುವುದಿಲ್ಲ, ಎಲುಬು ಬಾಗದಿರಲು ಹನಿ ಬೇಕೇ ಬೇಕು ಎಂದು ಹೇಳಿ, ಸೀಸೆಯ ಜೊತೆ ಬಂದಿದ್ದ ಡ್ರಾಪರಿನಲ್ಲಿ ಎಷ್ಟರ ಗೆರೆಯವರೆಗೆ ತುಂಬಬೇಕೆಂಬುದನ್ನು ಅವರ ಕೈಯಲ್ಲೇ ಮಾಡಿಸಿ ತೋರಿಸಿದೆ.