1974ರ ಭೂಸುಧಾರಣೆಯನ್ನು ನಾನು ಅಧ್ಯಯನ ಮಾಡಿದ ಬಗೆ

ಭೂಸುಧಾರಣೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂದಾಗ ಎಲ್ಲರೂ ಕೇಳುತ್ತಿದ್ದುದು ಒಂದೇ: ಅದರಿಂದ ಎಷ್ಟು ಒಕ್ಕಲುಗಳಿಗೆ ಜಮೀನು ಸಿಕ್ಕಿತು? ಒಳ್ಳೆಯ ಪ್ರಶ್ನೆಯೇ. ಅದರ ಬಗ್ಗೆ ಬೇಕಾದಷ್ಟು ಕೆಲಸವೂ ಆಗಿದೆ. ನನಗೆ ತಿಳಿಯಬೇಕಿದ್ದದ್ದು ಬೇರೆ. ಗೇಣಿ ಜಮೀನನ್ನು ಉಳುವವನಿಗೇ ಕೊಡುವ ಇಂಥ ಕಾನೂನು ದೇವರಾಜ ಅರಸು ಸರ್ಕಾರಕ್ಕೆ ತರೋಕೆ ಸಾಧ್ಯ ಆದದ್ದು ಹೇಗೆ? ಅದು ಹತ್ತು ವರ್ಷ ಮೊದಲೇ ಯಾಕೆ ಆಗಲಿಲ್ಲ? ಪಾಸಾದ ಮೇಲೆ ತಾಲ್ಲೂಕಿನಲ್ಲಿ ಕೂತು, ಈ ಗದ್ದೆ ಇವನಿಗೆ, ಆ ಗದ್ದೆ ಅವನಿಗಿಲ್ಲ ಅಂತ ತೀರ್ಮಾನಿಸಿದವರು ಯಾರು? ಏನು ನೋಡಿ ತೀರ್ಮಾನಿಸಿದರು?

ಸರ್ಕಾರದ ನೀತಿ ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಅನ್ನುವುದೇ ಒಂದು ಅಧ್ಯಯನದ ವಿಷಯ. ನಮ್ಮಲ್ಲಿ ಇದನ್ನು ಮಾಡುವವರು ಕಡಿಮೆ. ಮಾಡಬೇಕು ಅಂತ ಇರುವವರಿಗೆ ಉಪಯೋಗ ಆಗಲಿ ಅಂತ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಓದಿದ್ದು ಕಾನೂನನ್ನೇ. ಆದರೆ ಅಂಗಡಿಯಲ್ಲಿ ಸಿಗುವ ಈಗಿನ ಪುಸ್ತಕ ಈ ಕೆಲಸಕ್ಕೆ ಸಾಲುವುದಿಲ್ಲ. ಅದರಲ್ಲಿ ಇಷ್ಟು ವರ್ಷಗಳ ತಿದ್ದುಪಡಿಗಳೆಲ್ಲ ಒಂದರೊಳಗೊಂದು ಸೇರಿಹೋಗಿರುತ್ತವೆ. 1974ರಲ್ಲಿ ಒಬ್ಬ ತಹಶೀಲ್ದಾರರ ಕೈಯಲ್ಲಿ ಇದ್ದ ಕಾನೂನು ಯಾವುದು ಅಂತ ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಹಳೆಯ ರಾಜ್ಯಪತ್ರಗಳನ್ನು ಹುಡುಕಿ, ಮೂಲ ಕಾಯ್ದೆ ಮತ್ತು ಒಂದೊಂದು ತಿದ್ದುಪಡಿಯನ್ನೂ ತಾರೀಕಿನ ಪ್ರಕಾರ ಜೋಡಿಸಿಕೊಂಡೆ. ಬೇಜಾರಿನ ಕೆಲಸ, ಆದರೆ ಇದಾದ ಮೇಲೆ ಕಥೆ ತಾನಾಗಿ ಕಾಣತೊಡಗಿತು. 1957ರಲ್ಲಿ ಬಿ.ಡಿ. ಜತ್ತಿ ಸಮಿತಿ. ಅದರ ಬೆನ್ನಿಗೆ 1961ರ ಭೂಸುಧಾರಣಾ ಕಾಯ್ದೆ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ! ಆ ಕಾಯ್ದೆಯಲ್ಲಿ ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಒಡೆಯರು ಜಮೀನು ವಾಪಸ್ ಪಡೆಯಲು ದಾರಿ ಇತ್ತು. ವಿಧವೆಯರು, ಅಪ್ರಾಪ್ತರು ಗೇಣಿಗೆ ಕೊಡಬಹುದಿತ್ತು. 1974ರ ತಿದ್ದುಪಡಿ ಇವನ್ನೆಲ್ಲ ತೆಗೆದುಹಾಕಿತು. ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಬೇರೆ ಯಾರೂ ಗೇಣಿಗೆ ಕೊಡುವಂತಿಲ್ಲ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದ ವಶ. ಅರ್ಜಿ ಹಾಕಿದ ಗೇಣಿದಾರನಿಗೆ ಅದರ ಹಕ್ಕು.

ಹೀಗೆ ಜೋಡಿಸುವಾಗ ಒಂದು ಅಂಕಿ ನನ್ನನ್ನು ತುಂಬಾ ಕಾಡಿತು. ಭೂಮಿತಿಯಲ್ಲಿ, ಅಂದರೆ ಒಂದು ಕುಟುಂಬ ಹೆಚ್ಚೆಂದರೆ ಎಷ್ಟು ಜಮೀನು ಇಟ್ಟುಕೊಳ್ಳಬಹುದು ಅನ್ನುವ ಲೆಕ್ಕದಲ್ಲಿ, ಕೊನೆಯ ದರ್ಜೆಯ ಖುಷ್ಕಿ (ಒಣ) ಜಮೀನಿಗೆ 54 ಎಕರೆ ಅಂತ ಇದೆ. 50 ಅಲ್ಲ, 60 ಅಲ್ಲ. ಈ 54 ಎಲ್ಲಿಂದ ಬಂತು? ಕರ್ನಾಟಕದ ಕಾಗದಗಳಲ್ಲಿ ಇದಕ್ಕೆ ಕಾರಣ ಸಿಗಲಿಲ್ಲ. ಸಿಕ್ಕಿದ್ದು ದೆಹಲಿಯ ಕಾಗದದಲ್ಲಿ. 1972ರ ಜುಲೈನಲ್ಲಿ ಮುಖ್ಯಮಂತ್ರಿಗಳ ಸಭೆ ನಡೆದು, ಅದರ ನಂತರ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಕೊಟ್ಟಿತ್ತು. ಒಣಭೂಮಿಗೆ ಅದರಲ್ಲಿ ಹೇಳಿದ ಗರಿಷ್ಠ ಮಿತಿಯೇ 54 ಎಕರೆ. ಅಂದರೆ ಈ ಕಾಯ್ದೆಯ ಒಂದು ಭಾಗ ದೆಹಲಿಯಿಂದ ಬಂದದ್ದು, ಇನ್ನೊಂದು ಭಾಗ ಇಲ್ಲೇ ಬೆಳೆದದ್ದು. ಭೂಮಿತಿ ಮೊದಲನೆಯದು, ಗೇಣಿ ರದ್ದತಿಯ ಬಿಗಿ ಎರಡನೆಯದು. ಇವೆರಡನ್ನೂ ‘ಅರಸು ಭೂಸುಧಾರಣೆ’ ಅಂತ ಒಂದೇ ಗಂಟು ಕಟ್ಟಿದರೆ ಎರಡೂ ಅರ್ಥ ಆಗುವುದಿಲ್ಲ. ಕಾನೂನಿನಲ್ಲಿ ವಿಚಿತ್ರ ಅನ್ನಿಸುವ ಒಂದು ಅಂಕಿ ಕಂಡರೆ ಸುಮ್ನೆ ಮುಂದೆ ಹೋಗಬೇಡಿ. ಅದರ ಊರು ಹುಡುಕಿ.

ಇಲ್ಲಿ ಬೆಳೆದ ಭಾಗದ ಬೇರು ಹುಡುಕುತ್ತಾ ಹೋದರೆ ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದು ನಿಲ್ಲುತ್ತೇವೆ. 1951ರಲ್ಲಿ ಅಲ್ಲಿ ಜಗಳ ಶುರುವಾದದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದ್ದು ಅನ್ನುವುದೇ ತಕರಾರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಒಕ್ಕಲುಗಳು ನಿಂತರು. ಸಮಾಜವಾದಿಗಳು ಬಂದರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಶಾಸಕರಾಗಿ ವಿಧಾನಸಭೆಗೆ ಹೋದರು. ಗೇಣಿದಾರರ ಮಾತು ಸದನದ ನಡವಳಿಗೆ ಸೇರಿತು. ನಾನು ವಿಧಾನಸಭೆಯ ನಡವಳಿಗಳನ್ನು 1973ರಿಂದ ಓದದೆ 1952ರಿಂದ ಓದಿದ್ದು ಇದಕ್ಕೇ. ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್‌ನಲ್ಲಿ. ಅವರು ಜೀವಮಾನವಿಡೀ ಕೇಳಿದ್ದು ಕಾನೂನಾದದ್ದು ಅವರು ಹೋದ ಮೇಲೆ. ಇದನ್ನು ಓದುವಾಗ ನನಗೆ ನಿಜವಾಗಿಯೂ ಸಂಕಟ ಆಯಿತು.

ನಡವಳಿ ಓದುವಾಗ ಮಂತ್ರಿಗಳ ಭಾಷಣಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ಅದರಲ್ಲಿ ಇರುವುದು ಇಲಾಖೆ ಬರೆದುಕೊಟ್ಟದ್ದು. ಪ್ರಶ್ನೋತ್ತರ ನೋಡಿ. ಬಿದ್ದುಹೋದ ತಿದ್ದುಪಡಿಗಳನ್ನು ನೋಡಿ. ಯಾವ ಶಾಸಕರು ಯಾವ ವಿನಾಯಿತಿ ಕೇಳಿದರು, ಅದು ಯಾಕೆ ಬಿತ್ತು ಅನ್ನುವುದರಲ್ಲಿ ಯಾರಿಗೆ ಎಲ್ಲಿ ನೋಯುತ್ತಿತ್ತು ಅನ್ನುವುದು ಗೊತ್ತಾಗುತ್ತದೆ.

ಹಾಗಾದರೆ 1974ರಲ್ಲೇ ಯಾಕೆ? ಇಲ್ಲಿ ನನಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಕಿಂಗ್‌ಡನ್ 1984ರಲ್ಲಿ ಮಂಡಿಸಿದ ವಿಚಾರ ಕೆಲಸಕ್ಕೆ ಬಂತು. ಸಮಸ್ಯೆ, ಪರಿಹಾರ, ರಾಜಕೀಯ ಮೂರೂ ಬೇರೆ ಬೇರೆಯಾಗಿ ಹರಿಯುತ್ತಿರುತ್ತವೆ, ಮೂರೂ ಕೂಡಿದ ಹೊತ್ತಿಗೆ ನೀತಿ ಆಗುತ್ತದೆ ಅನ್ನುವುದು ಅದರ ತಿರುಳು. ಸಮಸ್ಯೆ ಕಾಗೋಡಿನಿಂದಲೇ ಇತ್ತು. ಪರಿಹಾರ ‘ಉಳುವವನೇ ಹೊಲದೊಡೆಯ’ ಅನ್ನುವ ಘೋಷಣೆಯಲ್ಲಿ ಇತ್ತು. ಬದಲಾದದ್ದು ರಾಜಕೀಯ. 1969ರಲ್ಲಿ ಕಾಂಗ್ರೆಸ್ ಒಡೆಯಿತು. 1972ರಲ್ಲಿ ಅರಸು ಮುಖ್ಯಮಂತ್ರಿ ಆದರು. ಹಿಂದುಳಿದವರನ್ನೂ ದಲಿತರನ್ನೂ ಒಟ್ಟು ಮಾಡಿ ನಿಲ್ಲಬೇಕಿತ್ತು. ಅದೇ ವರ್ಷ ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗವನ್ನೂ ನೇಮಿಸಿದರು.

ಆದರೆ ಸಿದ್ಧಾಂತ ಅಷ್ಟಕ್ಕೇ ನಿಲ್ಲುತ್ತದೆ. ಸದನದ ತುಂಬಾ ಜಮೀನುದಾರರೇ ಇದ್ದಾಗ ಇದು ಪಾಸಾದದ್ದು ಹೇಗೆ ಅನ್ನುವುದಕ್ಕೆ ಭೂಪಟ ನೋಡಬೇಕಾಯಿತು. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡಿನಲ್ಲಿ. ಬಯಲುಸೀಮೆಯಲ್ಲಿ ದೊಡ್ಡ ಸಮುದಾಯಗಳ ರೈತರು ಹೆಚ್ಚಾಗಿ ತಮ್ಮ ಜಮೀನನ್ನು ತಾವೇ ಮಾಡಿಸುತ್ತಿದ್ದರು. ಗೇಣಿ ರದ್ದಾದರೆ ಅವರಿಗೆ ಅಷ್ಟು ಪೆಟ್ಟು ಇಲ್ಲ. ಪೆಟ್ಟು ಬಿದ್ದದ್ದು ಕರಾವಳಿ, ಮಲೆನಾಡಿನ ಒಡೆಯರಿಗೆ, ಮಠ ದೇವಸ್ಥಾನಗಳಿಗೆ. ಜಿಲ್ಲಾವಾರು ಗೇಣಿ ಅಂಕಿಗಳನ್ನು ಶಾಸಕರ ಕ್ಷೇತ್ರಗಳ ಪಕ್ಕ ಇಟ್ಟು ನೋಡಿದಾಗ ನನಗೆ ಇದು ಗಟ್ಟಿಯಾಯಿತು.

ಇಷ್ಟು ಬೆಂಗಳೂರಿನಲ್ಲಿ ಆಗುವ ಕೆಲಸ. ಇನ್ನರ್ಧ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಸರ್ಕಾರದ ನೀತಿ ಅಂದರೆ ಕೊನೆಗೆ ಜನರ ಎದುರು ಕೂತ ಕೆಳಹಂತದ ನೌಕರ ದಿನಾ ತೆಗೆದುಕೊಳ್ಳುವ ತೀರ್ಮಾನಗಳೇ ಅಂತ ಅಮೆರಿಕದ ಇನ್ನೊಬ್ಬ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ ವಾದಿಸಿದ್ದರು. ಭೂ ನ್ಯಾಯಮಂಡಳಿಯ ಕಡತ ತೆರೆದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿಯಲಿಲ್ಲ. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ಪ್ರತಿ ತಾಲ್ಲೂಕಿಗೂ ಇಂಥ ಒಂದು ಮಂಡಳಿ ಇತ್ತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು ಸ್ಥಳೀಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಮೊದಮೊದಲು ವಕೀಲರಿಗೆ ಪ್ರವೇಶ ಇರಲಿಲ್ಲ. ಮೇಲ್ಮನವಿಯೂ ಇರಲಿಲ್ಲ, ಬೇಕಾದರೆ ಹೈಕೋರ್ಟಿಗೆ ರಿಟ್ ಹಾಕಬೇಕು. ಈ ಏರ್ಪಾಡೇ ಸುಧಾರಣೆಯ ಜೀವ ಅಂತ ನನ್ನ ಅಭಿಪ್ರಾಯ. ಕೋರ್ಟಿನ ಮುಂದೆ ಮಾತೇ ಹೊರಡದ ಒಕ್ಕಲು ತನ್ನ ಊರಿನವರ ಮುಂದೆ ಮಾತಾಡಬಲ್ಲ, ಅಲ್ವಾ?

ಒಂದು ಕಡತ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲೆ ನಮೂನೆ 7, ಗೇಣಿದಾರನ ಅರ್ಜಿ. ಸರ್ವೆ ನಂಬರ್, ವಿಸ್ತೀರ್ಣ, ಒಡೆಯರ ಹೆಸರು. ಕರಾವಳಿಯಲ್ಲಿ ಇದನ್ನೇ ಇಂದಿಗೂ ಡಿಕ್ಲರೇಷನ್ ಅನ್ನುತ್ತಾರೆ. ಆಮೇಲೆ ನೋಟಿಸ್ ಜಾರಿಯಾದ ಕಾಗದ, ಎರಡೂ ಕಡೆಯ ಹೇಳಿಕೆ, ಕೆಲವದರಲ್ಲಿ ಮಹಜರು, ಕೊನೆಗೆ ಆದೇಶ. ಮಧ್ಯದಲ್ಲಿ ಎಲ್ಲೋ ಪಹಣಿ ನಕಲು ಇರುತ್ತದೆ. ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಅದರ 12ನೇ ಕಾಲಂಗೆ. 9ನೇ ಕಾಲಂನಲ್ಲಿ ಒಡೆಯನ ಹೆಸರು, 12ರಲ್ಲಿ ಸಾಗುವಳಿ ಮಾಡುವವನ ಹೆಸರು. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು, ಸುಳ್ಳು ಅಂತ ರುಜುವಾತು ಆಗುವವರೆಗೆ ನಿಜ ಅಂತಲೇ ಹಿಡಿಯಬೇಕು. ಹಾಗಾಗಿ 12ರಲ್ಲಿ ಒಕ್ಕಲಿನ ಹೆಸರು ಇದ್ದರೆ ಆದೇಶ ಅರ್ಧ ಪುಟದಲ್ಲಿ ಮುಗಿದಿರುತ್ತಿತ್ತು. ಇಲ್ಲದಿದ್ದರೆ ಗೇಣಿ ಚೀಟಿ ತೋರಿಸಬೇಕು, ಚೀಟಿಯೂ ಇಲ್ಲದಿದ್ದರೆ ನೆರೆಯ ಗದ್ದೆಯವನ ಸಾಕ್ಷಿ. ವಿಧಾನಸೌಧದಲ್ಲಿ ನಡೆದ ಚರ್ಚೆಗಿಂತ, 1974ಕ್ಕೆ ಎಷ್ಟೋ ವರ್ಷ ಮೊದಲು ಒಬ್ಬ ಗ್ರಾಮ ಲೆಕ್ಕಿಗ ಆ ಕಾಲಂನಲ್ಲಿ ಏನು ಬರೆದ ಅನ್ನುವುದು ಒಂದು ಕುಟುಂಬದ ಪಾಲಿಗೆ ದೊಡ್ಡದಾಗಿತ್ತು.

ಈ ಕಡತ ನೋಡಲು ಕೆಲವು ಕಡೆ ಆರ್‌ಟಿಐ ಹಾಕಬೇಕಾಗುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಭೂ ನ್ಯಾಯಮಂಡಳಿಯ ಎಲ್ಲ ಮಾಹಿತಿ ಕೊಡಿ’ ಅಂತ ಬರೆದರೆ ತಿರಸ್ಕಾರ ಗ್ಯಾರಂಟಿ. ಹಳ್ಳಿ, ವರ್ಷ, ಸರ್ವೆ ನಂಬರ್ ಹಾಕಿ, ನಕಲಿನ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಅಲ್ಲೇ ಕೂತು ಬರೆದುಕೊಳ್ಳಬಹುದು.

ಪ್ರತಿ ಕಡತದಿಂದ ನಾನು ಅರ್ಜಿಯ ತಾರೀಕು, ಮೊದಲ ವಿಚಾರಣೆ, ಆದೇಶದ ತಾರೀಕು, ಯಾವ ಸಾಕ್ಷ್ಯ ನೆಚ್ಚಿದರು, ಒಡೆಯರು ಯಾರು, ಹೈಕೋರ್ಟಿನಿಂದ ವಾಪಸ್ ಬಂತಾ ಅನ್ನುವುದನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡೆ. ಅರ್ಜಿಗೆ ಕೊನೆಯ ದಿನ ಹಲವು ಬಾರಿ ಮುಂದಕ್ಕೆ ಹೋಗಿ, ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಹಾಗಾಗಿ ತಾರೀಕೇ ಒಂದು ಮಾತು ಹೇಳುತ್ತದೆ. ಮೊದಲೇ ಹಾಕಿದವರು ಯಾರು, ಧೈರ್ಯ ಬರಲು ಐದು ವರ್ಷ ಬೇಕಾದವರು ಯಾರು? ಅರ್ಧ ಪುಟದ ಆದೇಶಗಳಿಗೆ ಇನ್ನೊಂದು ಮುಖವೂ ಇತ್ತು. ಕಾರಣ ಬರೆದಿಲ್ಲ ಅಂತ ಹೈಕೋರ್ಟ್ ಎಷ್ಟೋ ಆದೇಶಗಳನ್ನು ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿತು. ಬೇಗ ಮುಗಿದ ಕೇಸೇ ಕೆಲವು ಸಲ ದಶಕಗಟ್ಟಲೆ ಎಳೆಯಿತು.

ಬೇಗ ಯಾಕೆ ಮುಗಿಸುತ್ತಿದ್ದರು ಅನ್ನುವುದು ಕಾಗದದಲ್ಲಿ ಇರುವುದಿಲ್ಲ. ಅದಕ್ಕೆ ಜನರ ಹತ್ತಿರ ಹೋಗಬೇಕು. ನ್ಯಾಯಮಂಡಳಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರು ನನಗೆ ಹೇಳಿದರು: “ತಕರಾರು ಇಲ್ದಿದ್ ಕೇಸು ಮೊದ್ಲು ತಗೋತಿದ್ವಿ ಕಣಮ್ಮ. ತಿಂಗಳಿಗೆ ಎಷ್ಟು ವಿಲೇವಾರಿ ಅಂತ ಮೇಲಿಂದ ಕೇಳೋರು. ಎಮರ್ಜೆನ್ಸಿ ಟೈಮಲ್ಲಂತೂ ಕೇಳೋದೇ ಬೇಡ.” ವಿಲೇವಾರಿಯ ಲೆಕ್ಕ ಆದೇಶದ ಉದ್ದವನ್ನು ಹೇಗೆ ತೀರ್ಮಾನಿಸುತ್ತದೆ ಅನ್ನುವುದು ನನಗೆ ಹೊಳೆದದ್ದು ಆ ಜಗಲಿಯ ಮೇಲೆ.

ಸಂದರ್ಶನದಲ್ಲಿ ‘ಭೂಸುಧಾರಣೆ ಬಗ್ಗೆ ನಿಮ್ಮ ಅಭಿಪ್ರಾಯ ಏನು’ ಅಂತ ನಾನು ಕೇಳುವುದಿಲ್ಲ. ಅದಕ್ಕೆ ಭಾಷಣ ಬರುತ್ತದೆ. ವಿಚಾರಣೆಯ ದಿನ ಯಾರ ಜೊತೆ ಹೋದಿರಿ, ಅರ್ಜಿ ಬರೆದುಕೊಟ್ಟವರು ಯಾರು, ಧಣಿಗಳು ಎಲ್ಲಿ ನಿಂತಿದ್ದರು ಅಂತ ಕೇಳಬೇಕು. ಜಮೀನು ಕಳೆದುಕೊಂಡ ಮನೆಗಳಿಗೂ ಹೋಗಬೇಕು. ಎರಡು ಎಕರೆ ಗೇಣಿಗೆ ಕೊಟ್ಟು ಜೀವನ ಮಾಡುತ್ತಿದ್ದ ವಿಧವೆಯರ ಮನೆಗಳೂ ಅದರಲ್ಲಿ ಇವೆ. ಕಾನೂನು ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಮನೆಗಳ ಮಾತನ್ನು ಬಿಟ್ಟು ಬರೆದರೆ ಪ್ರಬಂಧ ಸುಳ್ಳಾಗುತ್ತದೆ ಅಂತಲೂ ನಂಬುತ್ತೇನೆ.

ಹೆಂಗಸರ ವಿಷಯ ಕಡತದಿಂದ ಗೊತ್ತಾಗಲೇ ಇಲ್ಲ. ಸಾಗರದ ಕಡೆಯ ಒಬ್ಬ ಅಜ್ಜಿಯನ್ನು, “ಅಮ್ಮಾ, ಆ ಗದ್ದೆ ಯಾರು ಮಾಡ್ತಿದ್ರು?” ಅಂತ ಕೇಳಿದೆ. “ನಾನೇ ಮಾಡ್ತಿದ್ದೆ, ಅವ್ರು ಹೋದ್ಮೇಲೆ. ಅರ್ಜಿ ಮೈದುನ ಹಾಕ್ದ” ಅಂದರು. ನಟ್ಟಿ, ಕಳೆ, ಕೊಯ್ಲು ಎಲ್ಲ ಅವರದ್ದು. 12ನೇ ಕಾಲಂನಲ್ಲಿ ಮೈದುನನ ಹೆಸರು. ಉಳುವವನು ಅಂದಾಗ ಯಾರ ಚಿತ್ರ ಬರುತ್ತದೋ ಅವನಿಗೇ ಹಕ್ಕುಪತ್ರ ಹೋಯಿತು. ನನ್ನ ಪ್ರಬಂಧದ ಒಂದು ಅಧ್ಯಾಯ ಹುಟ್ಟಿದ್ದು ಈ ಉತ್ತರದಿಂದ.

ಈಗ 2020ರ ತಿದ್ದುಪಡಿಯನ್ನು ಹಿಡಿದುಕೊಂಡಿದ್ದೇನೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳನ್ನು ಅದು ತೆಗೆದುಹಾಕಿತು. ಜುಲೈನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆ. ಆ ಕಲಂಗಳು 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಅಂತ ಭಾವಿಸಬೇಕು ಅಂತ ತಿದ್ದುಪಡಿ ಹೇಳುತ್ತದೆ. ಹಿಂದಿನ ತಾರೀಕಿನಿಂದ ಅಳಿಸಬೇಕು ಅಂತ ಯಾರು, ಯಾವ ಹಂತದಲ್ಲಿ, ಯಾವ ಬಾಕಿ ಕೇಸುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದರು? ಅಸಿಸ್ಟೆಂಟ್ ಕಮಿಷನರ್ ಕಚೇರಿಗಳಲ್ಲಿ ಆಗ ಬಾಕಿ ಇದ್ದ 79ಎ, 79ಬಿ ಕೇಸುಗಳ ಪಟ್ಟಿಗೆ ಆರ್‌ಟಿಐ ಹಾಕಿದ್ದೇನೆ, ಒಂದೊಂದು ಉಪವಿಭಾಗಕ್ಕೂ ಬೇರೆ ಬೇರೆ ಅರ್ಜಿ.