ಆಪ್ಟ್ ‘ನೋ ಪಬ್‌ಕೀ’ ಅಂದಾಗ

ರಾಜಾಜಿನಗರದ ಆಫೀಸಿನ ಉಬುಂಟು 24.04 (ಲಿನಕ್ಸ್) ಯಂತ್ರದಲ್ಲಿ, ಸಾಫ್ಟ್‌ವೇರ್ ತಂದು ಹಾಕುವ ಆಪ್ಟ್‌ಗೆ ‘ಆಪ್ಟ್ ಅಪ್‌ಡೇಟ್’ ಕಮಾಂಡ್ ಕೊಟ್ಟರೆ ‘ನೋ ಪಬ್‌ಕೀ’ ಎಂದು 16 ಅಕ್ಷರಗಳ ಕೀ ಐಡಿ ಬರುತ್ತಿತ್ತು. ರೆಪಾಸಿಟರಿಯ (ಸಾಫ್ಟ್‌ವೇರ್ ಸಿಗುವ ಆನ್‌ಲೈನ್ ಉಗ್ರಾಣದ) ಡಿಜಿಟಲ್ ಸಹಿ ತಾಳೆ ನೋಡುವ ಪಬ್ಲಿಕ್ ಕೀ ಸಿಗುತ್ತಿಲ್ಲ ಎಂದಷ್ಟೇ ಇದರರ್ಥ.

ಹಳೇ ಸಲಹೆ ನಂಬಿ ಆಪ್ಟ್-ಕೀ ಕಮಾಂಡ್ ಬಳಸಬೇಡಿ. ಅದರಲ್ಲಿ ಸೇರಿಸಿದ ಕೀಯನ್ನು ಆಪ್ಟ್ ಎಲ್ಲ ರೆಪಾಸಿಟರಿಗಳಿಗೂ ಒಪ್ಪಿಕೊಳ್ಳುತ್ತದೆ. ಒಬ್ಬ ಬಾಡಿಗೆದಾರನಿಗೆ ಇಡೀ ವಠಾರದ ಬೀಗದಕೈ ಕೊಟ್ಟಂತೆ. ಕೀ ಫೈಲನ್ನು ಈಟಿಸಿ ಫೋಲ್ಡರಿನ ಆಪ್ಟ್ ಒಳಗಿನ ಕೀರಿಂಗ್ಸ್ ಫೋಲ್ಡರಿಗೆ ಹಾಕಿ, ರೆಪಾಸಿಟರಿಯ ವಿಳಾಸವಿರುವ ಸೋರ್ಸ್ ಫೈಲಿನ ‘ಸೈನ್ಡ್-ಬೈ’ಯಲ್ಲಿ ಅದರ ಪೂರ್ತಿ ಪಾತ್ ಕೊಡಿ.

ಹಾಗೆ ಮಾಡಿದರೂ ತಕರಾರು ನಿಲ್ಲಲಿಲ್ಲ. ಫೈಲ್ ತೆರೆದರೆ ಒಳಗಿದ್ದದ್ದು ವೈಫೈ ಲಾಗಿನ್ ಪುಟದ ಎಚ್‌ಟಿಎಂಎಲ್! ಫೈಲ್ ಇಳಿಸುವ ಕರ್ಲ್ ಕಮಾಂಡ್ ಅದನ್ನೇ ಕೀ ಎಂದು ಉಳಿಸಿಕೊಂಡಿತ್ತು. ಪಠ್ಯರೂಪದ ಅಸಲಿ ಕೀಯ ಮೊದಲ ಸಾಲಿನಲ್ಲಿ ‘ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್’ ಎಂದಿರಬೇಕು. ಲಾಗಿನ್ ಆಗಿ ಮತ್ತೆ ಇಳಿಸಿ, ಕೀಗಳನ್ನು ನಿಭಾಯಿಸುವ ಜಿಪಿಜಿಯಲ್ಲಿ ಕೀಯ ಗುರುತಾದ 40 ಅಂಕಿಯ ಫಿಂಗರ್‌ಪ್ರಿಂಟ್ ತೆಗೆದು, ತಯಾರಕರು ಪ್ರಕಟಿಸಿದ್ದರ ಜೊತೆ ಪೂರ್ತಿ ಹೋಲಿಸಿದೆ. ಕೊನೆಯ ನಾಲ್ಕಂಕಿ ನೋಡಿ ಸುಮ್ಮನಾಗುವುದು ಪರೀಕ್ಷೆಯಲ್ಲ.

ಪಠ್ಯರೂಪದ ಕೀಗೆ ‘ಎಎಸ್‌ಸಿ’, ಡಿಆರ್ಮರ್ ಮಾಡಿದ್ದಕ್ಕೆ (ಬೈನರಿಗೆ ಬದಲಿಸಿದ್ದಕ್ಕೆ) ‘ಜಿಪಿಜಿ’ ಎಕ್ಸ್‌ಟೆನ್ಶನ್ ಇರಲಿ. ಅದಲುಬದಲಾದರೆ ಆಪ್ಟ್ ಕೀಯನ್ನು ಕಡೆಗಣಿಸಬಹುದು. ಕೀ ಫೈಲಿನ ಪರ್ಮಿಶನ್ 644 (ಎಲ್ಲರೂ ಓದಬಹುದು) ಇರಲಿ. 600 (ಮಾಲೀಕ ಮಾತ್ರ ಓದಬಹುದು) ಇದ್ದರೆ, ಆಪ್ಟ್ ತನ್ನ ಕೆಲಸಕ್ಕೆ ಬಳಸುವ ‘_ಆಪ್ಟ್’ ಬಳಕೆದಾರನಿಗೆ ಓದಲಾಗದೆ ಅದೇ ‘ನೋ ಪಬ್‌ಕೀ’ ಮತ್ತೆ ಬರುತ್ತದೆ.

‘ಎಕ್ಸ್‌ಪ್‌ಕೀಸಿಗ್’ ಬಂದರೆ ಮಾತು ಬೇರೆ: ಕೀಯ ಅವಧಿ ಮುಗಿದಿದೆ, ತಯಾರಕರ ಹೊಸ ಕೀ ತನ್ನಿ. ಅದಕ್ಕೂ ಮೊದಲು ಯಂತ್ರದ ತಾರೀಖು ಒಮ್ಮೆ ನೋಡಿ. ಸೋರ್ಸ್ ಫೈಲಿನಲ್ಲಿ ‘ಟ್ರಸ್ಟೆಡ್=ಯೆಸ್’ ಮಾತ್ರ ಬೇಡ, ಅದು ಸಹಿ ಪರೀಕ್ಷೆಯನ್ನೇ ಬದಿಗೊತ್ತುತ್ತದೆ.