ಸ್ಪ್ರಿಂಗ್ ಬೂಟ್ ಫಾರ್ಮ್: ವಯಸ್ಸಿನಲ್ಲಿ ಅಕ್ಷರ ಬಂದಾಗ ನಮ್ಮದೇ ದೋಷ ಸಂದೇಶ

ಲಕ್ಷಣ: ಜಾವಾದ ವೆಬ್ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನಲ್ಲಿ ಮಾಡಿದ ಫಾರ್ಮಿನ ಇಂಟೀಜರ್ (ಪೂರ್ಣಾಂಕ) ಫೀಲ್ಡ್ 'ಏಜ್'ನಲ್ಲಿ 'ಅಬಕ' ಎಂದು ಬರೆದು ಕಳಿಸಿದರೆ, 'ಫೇಲ್ಡ್ ಟು ಕನ್ವರ್ಟ್ ಪ್ರಾಪರ್ಟಿ ವ್ಯಾಲ್ಯೂ' ಎಂಬ ಉದ್ದನೆಯ ಇಂಗ್ಲಿಷ್ ಸಾಲು ಪುಟದಲ್ಲಿ ಕಾಣುತ್ತದೆ.

ನಾಟ್‌ನಲ್, ಮಿನ್ ಅನೋಟೇಶನ್‌ಗಳಿಗೆ (ಫೀಲ್ಡಿನ ಮೇಲೆ ಬರೆಯುವ ನಿಯಮಗಳಿಗೆ) ಮೆಸೇಜ್ ಕೊಟ್ಟೆ, ಬದಲಾಗಲಿಲ್ಲ. ವ್ಯಾಲಿಡೇಶನ್‌ಮೆಸೇಜಸ್ ಪ್ರಾಪರ್ಟೀಸ್ ಫೈಲಿನಲ್ಲಿ ಬರೆದದ್ದೂ ವ್ಯರ್ಥ. ಪಠ್ಯವನ್ನು ಅಂಕಿಯಾಗಿಸುವ ಕೆಲಸ ವ್ಯಾಲಿಡೇಶನ್‌ಗಿಂತ (ನಿಯಮಗಳ ಪರೀಕ್ಷೆಗಿಂತ) ಮೊದಲೇ ನಡೆಯುತ್ತದೆ. ಅಲ್ಲೇ ಸೋತ ಫೀಲ್ಡಿಗೆ ಅನೋಟೇಶನ್‌ಗಳ ದೋಷವನ್ನು ಸ್ಪ್ರಿಂಗ್ ಸೇರಿಸುವುದೇ ಇಲ್ಲ.

ಸರಿಹೋದದ್ದು ರಿಸೋರ್ಸಸ್ ಫೋಲ್ಡರಿನ ಮೆಸೇಜಸ್ ಪ್ರಾಪರ್ಟೀಸ್ ಫೈಲಿನಿಂದ. ಅದರಲ್ಲಿ ಸಂದೇಶವನ್ನು ಗುರುತಿಸುವ ಕೀ: ಟೈಪ್‌ಮಿಸ್‌ಮ್ಯಾಚ್, ಚುಕ್ಕೆ, ಆಬ್ಜೆಕ್ಟ್ ಹೆಸರು, ಚುಕ್ಕೆ, ಏಜ್. ಮೊದಲ ಭಾಗ ಒಂದೇ ಪದ, ನಡುವಿನ 'ಎಂ' ಮಾತ್ರ ದೊಡ್ಡಕ್ಷರ. ಆಬ್ಜೆಕ್ಟ್ ಹೆಸರೆಂದರೆ ಫಾರ್ಮಿನ ಆಬ್ಜೆಕ್ಟನ್ನು ಸೂಚಿಸುವ ಮಾಡೆಲ್‌ಆಟ್ರಿಬ್ಯೂಟ್ ಅನೋಟೇಶನ್‌ನಲ್ಲಿ ಕೊಟ್ಟದ್ದು. ಕೊಡದಿದ್ದರೆ ಸಣ್ಣಕ್ಷರದಿಂದ ಶುರುವಾಗುವ ಕ್ಲಾಸ್ ಹೆಸರು. ಹುಡುಕುವ ಕ್ರಮ: ಆಬ್ಜೆಕ್ಟ್ ಮತ್ತು ಫೀಲ್ಡ್, ಬರೀ ಫೀಲ್ಡ್, ಜಾವಾ ಟೈಪಿನ ಪೂರ್ಣ ಹೆಸರು, ಕೊನೆಗೆ ಬರೀ ಟೈಪ್‌ಮಿಸ್‌ಮ್ಯಾಚ್. ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ.

ಬಹಳ ಸಮಯ ತಿಂದದ್ದು ಬೇರೆಯೇ: ಹೆಸರಿನ ಕೊನೆಯಲ್ಲಿ 'ಕೆಎನ್' ಎಂಬ ಭಾಷೆಯ ಹಿಂಬಾಲವಿರುವ ಕನ್ನಡ ಫೈಲ್ ಒಂದೇ ಇದ್ದರೆ ಸ್ಪ್ರಿಂಗ್ ಬೂಟ್ ಮೆಸೇಜ್‌ಸೋರ್ಸನ್ನು (ಈ ಫೈಲುಗಳಿಂದ ಸಂದೇಶ ಹುಡುಕುವ ಭಾಗವನ್ನು) ತಾನಾಗಿ ಸಿದ್ಧಪಡಿಸುವುದಿಲ್ಲ. ಭಾಷೆಯ ಹಿಂಬಾಲವಿಲ್ಲದ ಮೂಲ ಫೈಲ್, ಖಾಲಿಯಾದರೂ ಸರಿ, ಇರಲೇಬೇಕು. ಎರಡನ್ನೂ ಯುಟಿಎಫ್-8ರಲ್ಲಿ ಉಳಿಸಿ. ಎಡಿಟರ್ ಐಎಸ್ಒ-8859-1ಕ್ಕೆ ಹೊಂದಿಸಿಕೊಂಡಿದ್ದರೆ ಕನ್ನಡ ಅಕ್ಷರ ಕೆಡುತ್ತವೆ. ಸಂದೇಶದೊಳಗೆ ಒಂಟಿ ಉದ್ಧರಣ ಚಿಹ್ನೆ ಬೇಕಾದರೆ ಎರಡು ಸಲ ಬರೆಯಿರಿ.